ಮದುವೆ ಕಾಗದದ ಲೆಕ್ಕ

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುತ್ತ ಬಂದಂತೆ ನಮ್ಮ ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಮದುವೆ ಕಾಗದಗಳು ಬಂದು ಸೇರತೊಡಗುತ್ತವೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮದುವೆಗೆ ಕರೆಯಲು ಬರುತ್ತಾರೆ. ಈಗ ಕಲಿಯುತ್ತಿರುವವರು ಅಕ್ಕನದೋ ಅಣ್ಣನದೋ ಮದುವೆಯೆಂದು ತರುತ್ತಾರೆ. ಕೆಲವೊಮ್ಮೆ ತಂದೆತಾಯಿಯರೇ ಬಂದು, "ಮಾಷ್ಟ್ರೇ, ಮನೆಯವರನ್ನೆಲ್ಲ ಕರಕೊಂಡು ಬರಬೇಕು" ಎಂದು ಹೇಳಿ ಹೋಗುತ್ತಾರೆ. ಪ್ರೀತಿಯಿಂದ ಕೊಟ್ಟ ಕಾಗದವನ್ನು ಸಂತೋಷದಿಂದಲೇ ತೆಗೆದುಕೊಳ್ಳುತ್ತೇವೆ. ಆದರೆ ಈಚೆಗೆ ಬರುವ ಕೆಲವು ಕಾಗದಗಳನ್ನು ಕೈಯಲ್ಲಿ ಹಿಡಿದಾಗ ಅವುಗಳ ತೂಕವೇ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಹಲಗೆಯಂಥ ದಪ್ಪ ಹೊದಿಕೆ, ಅದರ ಮೇಲೆ ಮಖಮಲ್ಲಿನ ಬಟ್ಟೆ, ಚಿನ್ನದ ಬಣ್ಣದ ಗಣಪತಿ, ಒಳಗೆ ಮೂರು ನಾಲ್ಕು ಬಿಡಿ ಹಾಳೆಗಳು, ಎಲ್ಲಕ್ಕೂ ಮೇಲೊಂದು ರಿಬ್ಬನ್ನು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯ ಮನೆಯಿಂದಲೂ ಅಂಥದೇ ಕಾಗದ ಬಂದಾಗ, ಈ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಚಿನ್ನ, ಊಟ, ಸಭಾಭವನದ ಬಾಡಿಗೆಗಳ ಮುಂದೆ ಕಾಗದದ ಖರ್ಚು ಎಷ್ಟರದು ಎಂದು ಕೆಲವರು ಕೇಳಬಹುದು. ಮಾತು ನಿಜವೇ. ಆದರೆ ಮದುವೆ ನಿಶ್ಚಯವಾದ ಮೇಲೆ ಮನೆಯವರು ಮಾಡುವ ಮೊದಲ ಖರ್ಚುಗಳಲ್ಲಿ ಇದೂ ಒಂದು. ಐನೂರು ಕಾಗದ ಅಚ್ಚಾದರೆ ಐನೂರು ಮನೆಗೆ ಹೇಳಲೇಬೇಕು. ಅಷ್ಟು ಮನೆಗೆ ಹೇಳಿದ ಮೇಲೆ ಅಷ್ಟು ಮಂದಿಗೆ ಎಲೆ ಹಾಕಲೇಬೇಕು. ಕಾಗದ ಅದ್ಧೂರಿಯಾದರೆ ಚಪ್ಪರ ಅದಕ್ಕಿಂತ ಕಡಿಮೆಯಾಗಬಾರದೆಂಬ ಹಟ ಹುಟ್ಟುತ್ತದೆ. ಹೀಗೆ ಮುದ್ರಣಾಲಯದಲ್ಲಿ ಹೇಳಿದ ಒಂದು ಸಂಖ್ಯೆ ಅಡುಗೆಯ ಕೊಟ್ಟಿಗೆಯ ತನಕ ಹೋಗುತ್ತದೆ. ಸಾಲ ಮಾಡಿದ ಮನೆಯಲ್ಲಿ ಆ ಸಾಲದ ಕಂತು ಕಟ್ಟುವಾಗ, ಮುಂದೆ ಓದಬೇಕಾದ ತಂಗಿಯೋ ತಮ್ಮನೋ ಇನ್ನೂ ನಮ್ಮ ತರಗತಿಯಲ್ಲೇ ಕುಳಿತಿರುತ್ತಾರೆ. ಆದ್ದರಿಂದ ಕಾಗದದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ವ್ಯರ್ಥವಲ್ಲ. ಮಕ್ಕಳು ಇದನ್ನು ಗಣಿತದ ಒಂದು ಪಾಠವೆಂದು ಓದಬಹುದು. ಹಿರಿಯರು ಪೇಟೆಗೆ ಹೊರಡುವ ಮೊದಲು ಓದಬಹುದು.

ನಮ್ಮ ಕಾಸರಗೋಡು ಸೀಮೆಯಲ್ಲಿ ಮದುವೆಗೆ ಕರೆಯುವುದಕ್ಕೆ 'ಹೇಳಿಕೆ' ಎಂಬ ಒಳ್ಳೆಯ ಮಾತಿದೆ. ಹೇಳಿಕೆ ಎಂದರೆ ಹೋಗಿ ಹೇಳುವುದು. ಮನೆಯ ಹಿರಿಯರೊಬ್ಬರು ಜೊತೆಗೊಬ್ಬರನ್ನು ಕರೆದುಕೊಂಡು, ಗುಡ್ಡ ಹತ್ತಿ ತೋಡು ದಾಟಿ, ಮನೆಮನೆಗೆ ಹೋಗಿ, ಬೆಲ್ಲ ನೀರು ಕುಡಿದು, ಇಂಥ ದಿನ ಇಂಥಲ್ಲಿ ಮದುವೆ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಹೇಳಿಕೆ. ಕಾಗದ ಬಂದದ್ದು ಆಮೇಲೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಮುದ್ರಣಾಲಯ ತೆರೆದದ್ದು ೧೮೪೧ರಲ್ಲಿ. ೧೮೪೩ರ ಜುಲೈ ೧ರಂದು ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ, ಅದೂ ಕಲ್ಲಚ್ಚಿನಲ್ಲಿ. ಅಚ್ಚಿನ ಮೊಳೆಗಳು ಊರೂರಿಗೆ ಬಂದು, ಸಾಮಾನ್ಯರ ಮನೆಯ ಮದುವೆಗೂ ಅಚ್ಚಾದ ಕಾಗದ ಬಂದದ್ದು ಅದಕ್ಕೂ ಬಹಳ ಕಾಲ ಕಳೆದ ಮೇಲೆ. ಇಂದಿಗೂ ನಮ್ಮಲ್ಲಿ ಕಾಗದವನ್ನು ಬರಿದೆ ಕಳುಹಿಸಿದರೆ ಅರ್ಧ ಹೇಳಿಕೆ ಎಂದೇ ಲೆಕ್ಕ. ಅಂದರೆ, ಗೌರವ ಇರುವುದು ಕಾಲು ನೋಯಿಸಿಕೊಂಡು ಬಂದು ಹೇಳಿದ ಮಾತಿನಲ್ಲಿ. ಕಾಗದದ ಕೆಲಸ ದಿನ, ಗಂಟೆ, ಸ್ಥಳಗಳನ್ನು ಮರೆಯದಂತೆ ಮಾಡುವುದು. ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಟ್ಟು ಮದುವೆಯ ತನಕ ನೋಡಿಕೊಳ್ಳುವ ವಸ್ತು ಅದು.

ಇನ್ನು ಮುದ್ರಣಾಲಯದ ಲೆಕ್ಕಕ್ಕೆ ಬರೋಣ. ಅಲ್ಲಿ ತಗಲುವ ಖರ್ಚು ಎರಡು ಬಗೆಯದು. ಒಂದು, ಎಷ್ಟೇ ಪ್ರತಿ ತೆಗೆದರೂ ಬದಲಾಗದ ಖರ್ಚು: ಅಕ್ಷರ ಜೋಡಿಸುವುದು, ಅಚ್ಚಿನ ತಗಡು ಇಲ್ಲವೆ ಪರದೆ ತಯಾರಿಸುವುದು, ಯಂತ್ರಕ್ಕೆ ಶಾಯಿ ಹಾಕಿ ಹದಗೊಳಿಸುವುದು, ಶಾಯಿ ಸಮವಾಗಿ ಬೀಳುವ ತನಕ ಹಾಳಾಗುವ ಮೊದಲ ಕೆಲವು ಹಾಳೆಗಳು. ಇನ್ನೊಂದು, ಪ್ರತಿಯೊಂದಕ್ಕೂ ಬೇರೆ ಬೇರೆ ತಗಲುವ ಖರ್ಚು: ಕಾಗದ, ಲಕೋಟೆ, ಮಡಚುವ ಕೂಲಿ. ಲೆಕ್ಕಕ್ಕೆಂದು ಒಂದು ಅಂಕಿ ಹಿಡಿಯೋಣ. ಇದು ಯಾವ ಮುದ್ರಣಾಲಯದ ದರವೂ ಅಲ್ಲ. ಬದಲಾಗದ ಖರ್ಚು ೧,೫೦೦ ರೂಪಾಯಿ, ಕಾಗದವೊಂದಕ್ಕೆ ೬ ರೂಪಾಯಿ ಎನ್ನೋಣ. ೨೦೦ ಪ್ರತಿಗೆ ಒಟ್ಟು ೨,೭೦೦ ರೂಪಾಯಿ. ಒಂದಕ್ಕೆ ಹದಿಮೂರೂವರೆ ರೂಪಾಯಿ ಬೀಳುತ್ತದೆ. ೪೦೦ ಪ್ರತಿಗೆ ೩,೯೦೦. ಒಂದಕ್ಕೆ ೯ ರೂಪಾಯಿ ೭೫ ಪೈಸೆ. ಇದನ್ನು ನೋಡಿ, "ಹೆಚ್ಚು ತೆಗೆದಷ್ಟೂ ಲಾಭ" ಎಂದು ಅಂಗಡಿಯವರು ಹೇಳುತ್ತಾರೆ. ಒಂದೊಂದರ ಬೆಲೆ ಇಳಿಯಿತೆಂಬುದು ಸರಿ. ಆದರೆ ಕಿಸೆಯಿಂದ ಹೋದದ್ದು ೧,೨೦೦ ರೂಪಾಯಿ ಹೆಚ್ಚೇ! ಬೇಡವಾದ ಇನ್ನೂರು ಕಾಗದ ಅಟ್ಟದ ಮೇಲೆ ಉಳಿದರೆ ಅದು ಯಾವ ಲಾಭವೆಂದು ಎಂಟನೆಯ ತರಗತಿಯವರೂ ಹೇಳಬಲ್ಲರು.

ಇದಕ್ಕೆ ತಿರುಗಿದ ಇನ್ನೊಂದು ನಷ್ಟವೂ ಇದೆ. ೩೦೦ ಸಾಕೆಂದು ಹೇಳಿ ೩,೩೦೦ ಕೊಟ್ಟು ತಂದರು. ವಾರ ಕಳೆದಾಗ ಐವತ್ತು ಕಡಿಮೆ ಬಿತ್ತು. ಪುನಃ ಅದೇ ಯಂತ್ರಕ್ಕೆ ಏರಿಸಿದರೆ ೧,೫೦೦ ಮತ್ತು ೩೦೦ ಸೇರಿ ೧,೮೦೦ ರೂಪಾಯಿ. ಒಟ್ಟು ೫,೧೦೦ ಆಯಿತು. ಮೊದಲೇ ೩೫೦ ಹೇಳಿದ್ದರೆ ೩,೬೦೦ರಲ್ಲಿ ಮುಗಿಯುತ್ತಿತ್ತು. ಹೀಗೆ ಕಡಿಮೆ ಬಿದ್ದ ಕೆಲವೇ ಪ್ರತಿಗಳನ್ನು ಬಣ್ಣದ ಲೇಸರ್ ಯಂತ್ರದಲ್ಲಿ ತೆಗೆಸುವುದು ಜಾಣತನ. ಅದಕ್ಕೆ ತಗಡು ಬೇಕಿಲ್ಲ. ಹಾಳೆಗೆ ಇಷ್ಟೆಂದು ದರ. ನೂರರೊಳಗಿನ ಸಣ್ಣ ಮದುವೆಗೆ ಮೊದಲಿನಿಂದಲೇ ಆ ಯಂತ್ರ ಸಾಕು. ಸಂಖ್ಯೆ ಏರಿದಂತೆ ಮಾತ್ರ ಅದು ದುಬಾರಿಯಾಗುತ್ತದೆ.

ಹಾಗಾದರೆ ಸಂಖ್ಯೆಯನ್ನು ಸರಿಯಾಗಿ ಹೇಳುವುದು ಹೇಗೆ? ತಲೆ ಎಣಿಸಬಾರದು, ಮನೆ ಎಣಿಸಬೇಕು. ಒಂದು ನೂರು ಪುಟದ ಪುಸ್ತಕ ತೆಗೆದು, ತಂದೆಯ ಕಡೆ, ತಾಯಿಯ ಕಡೆ, ನೆರೆಕರೆ, ಕೆಲಸದ ಜಾಗ, ಮಕ್ಕಳ ಸ್ನೇಹಿತರು ಎಂದು ಬೇರೆ ಬೇರೆ ಪುಟದಲ್ಲಿ ಮನೆಗಳ ಹೆಸರು ಬರೆಯಬೇಕು. ನಮ್ಮ ಊರಿನಲ್ಲಿ ಮನೆಗಳಿಗೆ ಹೆಸರಿರುವುದು ಇಲ್ಲಿ ಬಹಳ ಉಪಕಾರ. ಬರೆದಾದ ಮೇಲೆ ಒಬ್ಬರು ಓದುತ್ತ ಹೋದರೆ ಒಂದೇ ಮನೆ ಎರಡು ಮೂರು ಪುಟಗಳಲ್ಲಿ ಬಂದಿರುವುದು ತಿಳಿಯುತ್ತದೆ. ಮಾವನ ಮನೆಯೂ ಅದೇ, ನೆರೆಮನೆಯೂ ಅದೇ, ಸೊಸೈಟಿಯ ಸ್ನೇಹಿತರ ಮನೆಯೂ ಅದೇ. ಮದುವೆ ಗಂಡಿನ ಕಡೆಯದೂ ಹೆಣ್ಣಿನ ಕಡೆಯದೂ ಒಂದೇ ಸೀಮೆಯಲ್ಲಾದರೆ ಎರಡು ಪುಸ್ತಕಗಳನ್ನೂ ಹೋಲಿಸಿ ನೋಡಬೇಕು. ಈ ಕೆಲಸ ಮಕ್ಕಳದು. ಅಜ್ಜಿ ಹೇಳುತ್ತ ಹೋಗಲಿ, ಮೊಮ್ಮಗಳು ಬರೆಯುತ್ತ ಹೋಗಲಿ. ಕುಟುಂಬದ ಶಾಖೆಗಳು ಎಲ್ಲೆಲ್ಲಿ ಹರಡಿವೆ ಎಂಬುದೂ ಆಗ ಗೊತ್ತಾಗುತ್ತದೆ. ಬಂದ ಮೊತ್ತಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ ಒಂದೇ ಸಲ ಹೇಳಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮುಂದಿನದು ಅಳತೆ. ಇದರ ಬಗ್ಗೆ ಯಾರೂ ಹೇಳಿಕೊಡದ ಒಂದು ಸಂಗತಿಯಿದೆ. ಮುದ್ರಣಾಲಯಕ್ಕೆ ಕಾಗದ ಬರುವುದು ದೊಡ್ಡ ಹಾಳೆಗಳಾಗಿ. ದಪ್ಪ ಕಾಗದಕ್ಕೆ ೨೦ ಇಂಚು ಅಗಲ, ೩೦ ಇಂಚು ಉದ್ದ ಒಂದು ರೂಢಿಯ ಅಳತೆ. ೫ ಇಂಚಿಗೆ ಏಳೂವರೆ ಇಂಚಿನ ತುಂಡು ಮಾಡಿದರೆ ಅಗಲದಲ್ಲಿ ನಾಲ್ಕು, ಉದ್ದದಲ್ಲಿ ನಾಲ್ಕು, ಒಟ್ಟು ಹದಿನಾರು ತುಂಡು, ಚೂರೂ ಉಳಿಯುವುದಿಲ್ಲ. ಅಂಚು ಕತ್ತರಿಸಿ ಒಪ್ಪ ಮಾಡಿದ ಮೇಲೆ ಕಾಗದ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೆ. ಈಗ ಮನೆಯವರು "ಇನ್ನೂ ಅರ್ಧ ಇಂಚು ದೊಡ್ಡದಿರಲಿ" ಎಂದು ಐದೂವರೆಗೆ ಎಂಟು ಇಂಚಿನ ತುಂಡು ಕೇಳಿದರೆ? ಹಾಳೆಯನ್ನು ಹೇಗೆ ತಿರುಗಿಸಿಟ್ಟು ಸಾಲಾಗಿ ಕತ್ತರಿಸಿದರೂ ಹತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಹಾಳೆಯ ಕ್ಷೇತ್ರಫಲ ೬೦೦ ಚದರ ಇಂಚು; ಹತ್ತು ತುಂಡುಗಳದು ೪೪೦; ಉಳಿದ ೧೬೦ ಚದರ ಇಂಚು ಕಸದ ಬುಟ್ಟಿಗೆ. ೩೫೦ ಕಾಗದಕ್ಕೆ ಮೊದಲಿನ ಅಳತೆಯಲ್ಲಿ ೨೨ ಹಾಳೆ ಸಾಕಾದರೆ, ಎರಡನೆಯದರಲ್ಲಿ ೩೫ ಹಾಳೆ ಬೇಕು. ಅರ್ಧ ಇಂಚಿನ ಆಸೆಗೆ ಹದಿಮೂರು ಹಾಳೆಯ ದಂಡ! ಆದ್ದರಿಂದ ಮುದ್ರಣಾಲಯಕ್ಕೆ ಹೋದವರು ಮೊದಲು ಕೇಳಬೇಕಾದ ಮಾತು, "ನಿಮ್ಮ ಹಾಳೆ ವ್ಯರ್ಥವಾಗದ ಅಳತೆ ಯಾವುದು?" ಎಂಬುದು. ಈ ಪ್ರಶ್ನೆ ಕೇಳಿದವರಿಗೆ ಲೆಕ್ಕ ಗೊತ್ತಿದೆ ಎಂದು ಅವರಿಗೂ ತಿಳಿಯುತ್ತದೆ.

ಕಾಗದದ ದಪ್ಪವನ್ನು ಗ್ರಾಂಗಳಲ್ಲಿ ಹೇಳುತ್ತಾರೆ. ಒಂದು ಚದರ ಮೀಟರಿನಷ್ಟು ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಅಂಕಿ. ನಾವು ಪರೀಕ್ಷೆ ಬರೆಯುವ ಕಾಗದ ತೆಳು. ಜೆರಾಕ್ಸ್ ಅಂಗಡಿಯ ಬಿಳಿ ಹಾಳೆ ಸಾಮಾನ್ಯವಾಗಿ ೭೦ ಅಥವಾ ೮೦ ಗ್ರಾಮಿನದು. ಮದುವೆ ಕಾಗದಕ್ಕೆ ೨೫೦ ಗ್ರಾಮಿನ ಹಾಳೆ ಧಾರಾಳವಾಯಿತು, ಕೈಯಲ್ಲಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಆ ಲೆಕ್ಕದಲ್ಲಿ ನಾವು ಮೇಲೆ ಹೇಳಿದ ಚಿಕ್ಕ ಕಾಗದ ಒಂದರ ತೂಕ ಸುಮಾರು ೬ ಗ್ರಾಂ. ಮಖಮಲ್ಲಿನ ಹೊದಿಕೆಯ ಕಾಗದವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ, ಅಜಗಜಾಂತರ ತಿಳಿಯುತ್ತದೆ. ದೂರದವರಿಗೆ ಅಂಚೆಯಲ್ಲಿ ಕಳುಹಿಸುವಾಗ ದರ ಏರುವುದು ತೂಕದ ಹಂತಗಳಲ್ಲಿ. ಅಚ್ಚು ಮಾಡಿಸುವ ಮೊದಲೇ ಒಂದು ಮಾದರಿ ಕಾಗದವನ್ನು ಲಕೋಟೆಯೊಂದಿಗೆ ಅಂಚೆ ಕಛೇರಿಗೆ ಒಯ್ದು ತೂಗಿಸಿದರೆ ಎರಡು ಗ್ರಾಮಿನಿಂದ ಮುಂದಿನ ಹಂತಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಕೈಯಾರೆ ಕೊಡುವ ಕಾಗದಗಳಿಗೆ ಲಕೋಟೆಯೇ ಏಕೆ ಬೇಕೆಂಬುದು ನಮ್ಮ ಪ್ರಶ್ನೆ. ಮಡಚಿದ ಕಾಗದದ ಹೊರಬದಿಯಲ್ಲಿ ಹೆಸರು ಬರೆಯಲು ಒಂದು ಗೆರೆ ಬಿಟ್ಟರೆ ಸಾಕು. ನಾಲ್ಕು ಮೂಲೆಗೆ ಅರಸಿನ ಹಚ್ಚಿದ ಕಾಗದ ಬರಿಗೈಯಲ್ಲಿ ಬಂದರೂ ಮಂಗಳಕರವೇ.

ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಒಂದು ಬಣ್ಣಕ್ಕೆ ಒಂದು ಅಚ್ಚು. ಎರಡು ಬಣ್ಣವಾದರೆ ಎರಡು. ಆಫ್‌ಸೆಟ್ಟಿನಲ್ಲಿ ಪೂರ್ಣ ಬಣ್ಣದ ಚಿತ್ರ ಬರಬೇಕಾದರೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ತಗಡು ಬೇಕು. ಚಿನ್ನದ ಬಣ್ಣದ ಹೊಳೆಯುವ ಅಕ್ಷರಗಳಿಗೆ ಬೇರೆಯೇ ಒಂದು ಲೋಹದ ಬ್ಲಾಕು ಮಾಡಿಸಿ ಬಿಸಿಯಿಂದ ಒತ್ತಬೇಕಾಗುತ್ತದೆ. ಹಳದಿ ಅಥವಾ ಕೆನೆ ಬಣ್ಣದ ಕಾಗದ ತೆಗೆದುಕೊಂಡು ಕಡುಗೆಂಪು ಶಾಯಿಯಲ್ಲಿ ಅಚ್ಚು ಮಾಡಿಸಿದರೆ ಒಂದೇ ಅಚ್ಚಿನಲ್ಲಿ ಎರಡು ಬಣ್ಣದ ಶೋಭೆ ಬರುತ್ತದೆ. ಅರಸಿನ ಕುಂಕುಮದ ಬಣ್ಣವೂ ಅದೇ. ಮೊದಲೇ ಚಿತ್ರ ಮುದ್ರಿಸಿ ಮಾರುವ ತಯಾರು ಕಾಗದಗಳೂ ಉಂಟು. ತಮಿಳುನಾಡಿನ ಶಿವಕಾಶಿಯಂಥ ಊರುಗಳಲ್ಲಿ ರಾಶಿ ರಾಶಿಯಾಗಿ ಅಚ್ಚಾಗಿ ಬರುವುದರಿಂದ ಸಾದಾ ಮಾದರಿಗಳು ನಿಜಕ್ಕೂ ಅಗ್ಗ. ಒಳಗಿನ ಬರಹವನ್ನು ಮಾತ್ರ ಇಲ್ಲಿ ಒಂದು ಬಣ್ಣದಲ್ಲಿ ಅಚ್ಚು ಮಾಡಿಸಬೇಕು. ಕಷ್ಟವೆಂದರೆ ಅಂಗಡಿಯವರು ಮಾದರಿಯ ಪುಸ್ತಕವನ್ನು ದುಬಾರಿಯ ಕಡೆಯಿಂದ ತೆರೆಯುತ್ತಾರೆ. ಮೂರು ಮಾದರಿ ನೋಡುವಷ್ಟರಲ್ಲಿ ಮನಸ್ಸು ಮೆತ್ತಗಾಗಿ, ಸಾದಾ ಕಾಗದ ಬಡಕಲಾಗಿ ಕಾಣಿಸುತ್ತದೆ. ಇಷ್ಟು ರೂಪಾಯಿಯೊಳಗಿನದು ತೋರಿಸಿ ಎಂದು ಮೊದಲೇ ಹೇಳಿ ಕುಳಿತುಕೊಳ್ಳುವುದೇ ಮೇಲು. ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿಸಿದ ಹೊಳಪಿನ ಕಾಗದ ನಮಗಂತೂ ಬೇಡ. ಅದು ಮಣ್ಣಿನಲ್ಲಿ ಕರಗುವುದಿಲ್ಲ, ಮರುಬಳಕೆಗೂ ಸಲ್ಲುವುದಿಲ್ಲ, ಬಚ್ಚಲ ಒಲೆಗೆ ಹಾಕಿದರೆ ಕೆಟ್ಟ ಹೊಗೆ.

ಇಷ್ಟರ ತನಕ ಹೇಳಿದ್ದು ಹಣದ ಮಾತು. ಇನ್ನು ಅಕ್ಷರದ ಮಾತು. ಕನ್ನಡ ಕಲಿಸುವ ನಮಗೆ ಇದರ ಮೇಲೆಯೇ ಹೆಚ್ಚು ಮನಸ್ಸು. ೧೯೫೬ರ ನವೆಂಬರ್ ೧ರಂದು ನಮ್ಮ ಸೀಮೆ ಕೇರಳಕ್ಕೆ ಸೇರಿದ ಮೇಲೆ ಕಛೇರಿಯ ಅರ್ಜಿ, ಅಂಗಡಿಯ ಬೋರ್ಡು, ಬಸ್ಸಿನ ಫಲಕಗಳಲ್ಲಿ ಮಲೆಯಾಳ ಬಂತು. ಅದು ರಾಜ್ಯಭಾಷೆ, ನಮ್ಮ ಮಕ್ಕಳು ಅದನ್ನೂ ಕಲಿಯುತ್ತಾರೆ, ಕಲಿಯಲೂ ಬೇಕು. ಮನೆಯೊಳಗಿನ ಮಾತಂತೂ ಹಲವು: ಕೆಲವರದು ತುಳು, ಕೆಲವರದು ಕೊಂಕಣಿ, ಹವ್ಯಕರದು ಒಂದು ಕನ್ನಡ, ಮರಾಠಿಯವರೂ ಬ್ಯಾರಿಯವರೂ ಇದ್ದಾರೆ. ಆದರೂ ಹೇಳಿಕೆಯ ಕಾಗದವೆಂದರೆ ಬಹು ಮನೆಗಳಲ್ಲಿ ಕನ್ನಡವೇ. ಪುಸ್ತಕ ಬರೆಯದ, ಪತ್ರಿಕೆಗೆ ಲೇಖನ ಕಳುಹಿಸದ ಒಂದು ಸಾಮಾನ್ಯ ಮನೆಯವರು ತಮ್ಮ ಹೆಸರಿನಲ್ಲಿ ಕನ್ನಡವನ್ನು ಅಚ್ಚು ಹಾಕಿಸುವುದು ಬಹುಶಃ ಮದುವೆಯ ಕಾಗದಕ್ಕೆ ಮಾತ್ರ. ಈಚೆಗೆ ಆ ಜಾಗವನ್ನು ಇಂಗ್ಲಿಷ್ ಹಿಡಿಯುತ್ತಿದೆ. ಕಾರಣ ಕೇಳಿದರೆ, "ಅಂಗಡಿಯಲ್ಲಿ ಇಂಗ್ಲಿಷಿನ ಮಾದರಿ ತಯಾರಿತ್ತು, ಕನ್ನಡದಲ್ಲಿ ಬರೆದುಕೊಡುವವರು ಇರಲಿಲ್ಲ" ಎನ್ನುತ್ತಾರೆ. ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ಹುಡುಗಿ ಮನೆಯಲ್ಲಿರುವಾಗ ಬರೆದುಕೊಡುವವರಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ.

ಎಲ್ಲರಿಗೂ ಅರ್ಥವಾಗಲೆಂದು ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರರಲ್ಲೂ ಮೂರು ಹಾಳೆ ಹಾಕಿಸುವವರಿದ್ದಾರೆ. ಇದರಿಂದ ಜೋಡಣೆಯ ಖರ್ಚು ಮೂರು ಪಾಲು, ಕಾಗದ ಮೂರು ಪಾಲು. ಮನೆಗಳ ಪುಸ್ತಕದಲ್ಲಿ ಕನ್ನಡ ಓದಲು ಬಾರದವರ ಹೆಸರಿನ ಮುಂದೆ ಒಂದು ಗುರುತು ಹಾಕಿ ನೋಡಿದರೆ ಅವರು ಎಷ್ಟು ಮಂದಿ ಎಂದು ತಿಳಿಯುತ್ತದೆ. ಅಷ್ಟು ಮಂದಿಗೆ ಮಾತ್ರ ಒಂದು 'ಕ್ಷಣಕ್ಕತ್ತು' ಬೇರೆ ಮಾಡಿಸಬಹುದು. ಇಲ್ಲವೆ ಅದೇ ಹಾಳೆಯ ಹಿಂಬದಿಯಲ್ಲಿ ಸಣ್ಣದಾಗಿ ಹಾಕಿಸಬಹುದು.

ಬರಹ ಉದ್ದವಾದಷ್ಟು ಕಾಗದವೂ ದೊಡ್ಡದಾಗಬೇಕು. ಹಳೆಯ ಕಾಗದಗಳಲ್ಲಿ ಸಂವತ್ಸರ, ಅಯನ, ಋತು, ಪಕ್ಷ, ತಿಥಿ, ನಕ್ಷತ್ರ, ಲಗ್ನ ಎಲ್ಲವನ್ನೂ ಹೇಳಿ, 'ಮೇಷ ಮಾಸ ದಿನ ಇಷ್ಟು ಸಲುವ ತಾರೀಕು ಇಷ್ಟು' ಎಂದು ಬರೆಯುತ್ತಿದ್ದರು. ಸೌರಮಾಸದ ಆ 'ಸಲುವ' ನಮ್ಮ ಕರಾವಳಿಯ ಗುರುತು. ಇಡಲು ಮನಸ್ಸಿದ್ದವರು ಒಂದು ಗೆರೆಯಲ್ಲಿ ಇಡಲಿ. ಕಡಿಮೆ ಮಾಡಬೇಕಾದದ್ದು ಕೆಳಗಿನ ಹೆಸರುಗಳ ಪಟ್ಟಿಯನ್ನು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಮಕ್ಕಳು, ಮೊಮ್ಮಕ್ಕಳು ಎಂದು ನಲವತ್ತು ಹೆಸರು ಹಾಕಿದರೂ ನಲವತ್ತೊಂದನೆಯವರ ಮುಖ ಊದಿಕೊಳ್ಳುವುದು ತಪ್ಪುವುದಿಲ್ಲ. 'ಮತ್ತು ಮನೆಯವರು' ಎಂಬ ಎರಡು ಶಬ್ದಗಳಲ್ಲಿ ಎಲ್ಲರೂ ಸೇರುತ್ತಾರೆ, ಯಾರೂ ಬಿಟ್ಟುಹೋಗುವುದಿಲ್ಲ. ಮಕ್ಕಳಿಗೆ ಉಪಯೋಗವಾಗಲೆಂದು ಒಂದು ಮಾದರಿ ಕೊಡುತ್ತೇವೆ.

ಶ್ರೀ ಕುಲದೇವರು ಪ್ರಸನ್ನ

ಮಾನ್ಯರೇ,

ನಮ್ಮ ಮಗಳು (ಹೆಸರು) ಮತ್ತು (ಊರು, ಮನೆ) ಶ್ರೀಮತಿ ಮತ್ತು ಶ್ರೀ (ಹೆಸರು) ಇವರ ಮಗ (ಹೆಸರು) ಇವರ ಮದುವೆಯು (ತಾರೀಕು, ವಾರ) ಹಗಲು (ಗಂಟೆ)ಗೆ (ಸ್ಥಳ)ದಲ್ಲಿ ನಡೆಯಲಿದೆ. ತಾವು ಮನೆಮಂದಿಯೊಂದಿಗೆ ಬಂದು, ವಧೂವರರನ್ನು ಹರಸಿ, ನಮ್ಮೊಂದಿಗೆ ಊಟಮಾಡಬೇಕೆಂದು ಕೇಳಿಕೊಳ್ಳುತ್ತೇವೆ.

(ತಾಯಿ, ತಂದೆ) ಮತ್ತು ಮನೆಯವರು

ಇಗರ್ಜಿಯ ಮದುವೆಯವರೂ ನಿಖಾಹಿನವರೂ ಮೇಲಿನ ಗೆರೆಯನ್ನು ತಮ್ಮ ಸಂಪ್ರದಾಯದಂತೆ ಬದಲಿಸಿಕೊಳ್ಳಬಹುದು. ಸ್ಥಳದ ಕೆಳಗೆ ಇಳಿಯಬೇಕಾದ ಬಸ್ ಸ್ಟಾಪಿನ ಹೆಸರು, ಒಂದು ಫೋನ್ ನಂಬ್ರ ಬೇಕು. ಇಷ್ಟನ್ನು ಅಂಚೆಕಾರ್ಡಿನಷ್ಟು ಜಾಗದಲ್ಲಿ ಕಣ್ಣಿಗೆ ಹಿತವಾಗುವ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬಹುದು. ಅಜ್ಜನಿಗೂ ಕನ್ನಡಕವಿಲ್ಲದೆ ಓದಲು ಬರುತ್ತದೆ.

ಬರೆದದ್ದು ಸರಿಯಾಗಿ ಅಚ್ಚಾಗುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡದ ಒತ್ತಕ್ಷರಗಳು ಜೋಡಿಸುವವರ ತಾಳ್ಮೆ ಪರೀಕ್ಷಿಸುತ್ತಿದ್ದವು. ಈಗ ಕಂಪ್ಯೂಟರ್ ಬಂದಿದೆ. ತೊಂದರೆಯ ರೂಪ ಮಾತ್ರ ಬದಲಾಗಿದೆ. ಫೋನಿನಲ್ಲಿ ನಾವು ಬರೆಯುವುದು ಯೂನಿಕೋಡ್ ಎಂಬ ಸಂಕೇತದಲ್ಲಿ. ಮುದ್ರಣದ ಅಂಗಡಿಗಳಲ್ಲಿ ಹಳೆಯ ಬಗೆಯ ಅಕ್ಷರಗಳು ಇನ್ನೂ ಬಳಕೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತು ಕಳಚಿ ಬೀಳುತ್ತದೆ. ಅಂಗಡಿಯಲ್ಲಿ ಕುಳಿತವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೆಯೇ ಅಚ್ಚಾಗುತ್ತದೆ. ತಪ್ಪು ಮನೆಗೆ ಬಂದ ಮೇಲೆ ಕಂಡರೆ ಪುನಃ ಅಚ್ಚು, ಪುನಃ ೧,೫೦೦. ನಮ್ಮ ಕೈಗೆ ಬಂದ ಕಾಗದಗಳಲ್ಲಿ 'ಆಶೀರ್ವಾದ' ಹೋಗಿ 'ಆರ್ಶಿವಾದ' ಆದದ್ದು, 'ಆಹ್ವಾನ' ಹೋಗಿ 'ಆವ್ಹಾನ' ಆದದ್ದು, 'ಮುಹೂರ್ತ'ದ ದೀರ್ಘ ಬಿದ್ದದ್ದು, 'ಜ್ಯೇಷ್ಠ ಪುತ್ರಿ' 'ಜೇಷ್ಟ ಪುತ್ರಿ'ಯಾದದ್ದು ಎಷ್ಟೋ. ಇವುಗಳಲ್ಲಿ ಕೆಲವು ಯಂತ್ರದ ತಪ್ಪುಗಳಲ್ಲ, ಬರೆದುಕೊಟ್ಟವರದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕರಡಚ್ಚನ್ನು ಫೋನಿನ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಡಬಾರದು. ಕಾಗದದ ಮೇಲೆ ತೆಗೆಸಿಕೊಂಡು ಮನೆಗೆ ತರಬೇಕು. ಒಬ್ಬರು ಮೂಲವನ್ನು ಅಕ್ಷರ ಬಿಡಿಸಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡಬೇಕು. ತಾರೀಕು ಮತ್ತು ವಾರ ಹೊಂದುತ್ತವೆಯೇ ಎಂದು ಪಂಚಾಂಗದಲ್ಲಿ ನೋಡಬೇಕು. ಇಪ್ಪತ್ತನಾಲ್ಕು, ಗುರುವಾರ ಎಂದು ಅಚ್ಚಾಗಿ ಆ ದಿನ ಶುಕ್ರವಾರವಾದರೆ ನೆಂಟರು ಯಾವುದನ್ನು ನಂಬಬೇಕು? ಫೋನ್ ನಂಬ್ರವನ್ನು ಕಾಗದದಿಂದಲೇ ನೋಡಿ ಒಮ್ಮೆ ಒತ್ತಿ ಪರೀಕ್ಷಿಸಬೇಕು. ವಧೂವರರ ಹೆಸರುಗಳನ್ನು ಶಾಲೆಯ ಸರ್ಟಿಫಿಕೇಟಿನೊಂದಿಗೆ ಹೋಲಿಸಬೇಕು. ಇದಕ್ಕೊಂದು ವಿಶೇಷ ಕಾರಣವಿದೆ. ಕೇರಳದಲ್ಲಿ ೨೦೦೮ರ ನಿಯಮಗಳಂತೆ ಎಲ್ಲ ಮದುವೆಗಳನ್ನೂ ಸ್ಥಳೀಯ ಪಂಚಾಯತು ಇಲ್ಲವೆ ನಗರಸಭೆಯಲ್ಲಿ ನೋಂದಾಯಿಸಬೇಕು. ಆಗ ಅರ್ಜಿಯೊಂದಿಗೆ ಮದುವೆ ಕಾಗದದ ಪ್ರತಿಯನ್ನೂ ಇಡುವ ರೂಢಿಯಿದೆ. ಮನೆಯಲ್ಲಿ ಕರೆಯುವ ಹೆಸರು ಕಾಗದದಲ್ಲಿ, ಬೇರೊಂದು ಹೆಸರು ದಾಖಲೆಯಲ್ಲಿ ಎಂದಾದರೆ ಅಲೆದಾಟ ಖಂಡಿತ. ಆದ್ದರಿಂದ ನಾಲ್ಕಾರು ಕಾಗದಗಳನ್ನು ಯಾರಿಗೂ ಕೊಡದೆ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು.

ಮದುವೆಯ ಇತರ ಕಾಗದದ 'ಸಾಮಾನು'ಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಾಗದದ ಲೋಟವೆಂದು ನಾವು ಕರೆಯುವುದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಪೊರೆ ಇರುತ್ತದೆ. ಇಲ್ಲದಿದ್ದರೆ ಬಿಸಿ ಕಾಫಿ ನಿಲ್ಲದು. ೨೦೨೦ರ ಜನವರಿ ೧ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಿರುವುದರಿಂದ ಪಂಚಾಯತಿನವರೂ ಈ ವಿಷಯ ವಿಚಾರಿಸುತ್ತಾರೆ. ಸ್ಟೀಲಿನ ಲೋಟ ಬಾಡಿಗೆಗೆ ಸಿಗುತ್ತದೆ. ತೋಟದ ಬಾಳೆಯೆಲೆ, ಅಡಿಕೆ ಹಾಳೆಯ ತಟ್ಟೆಗಳಿರುವ ಊರಿನವರು ಹೊರಗಿನ ತಟ್ಟೆ ಕೊಳ್ಳುವುದು ನಗೆಗೀಡು. ಬಾಳೆಯೆಲೆಯ ಕೆಳಗೆ ಮೇಜಿಗೆ ಹಾಸುವ ಕಾಗದದ ಸುರುಳಿಯನ್ನು ಮಾತ್ರ ನಾವು ಆಕ್ಷೇಪಿಸುವುದಿಲ್ಲ. ಅದು ಅಗ್ಗ, ಬಡಿಸುವವರ ಕೆಲಸ ಉಳಿಸುತ್ತದೆ. ಉಡುಗೊರೆ ಹಾಕುವ ಲಕೋಟೆಗಳನ್ನು ಹಳೆಯ ಮದುವೆ ಕಾಗದಗಳಿಂದಲೇ ಮಡಚಿ ಅಂಟಿಸಲು ನಮ್ಮ ಮಕ್ಕಳು ವೃತ್ತಿಶಿಕ್ಷಣದ ತರಗತಿಯಲ್ಲಿ ಕಲಿತಿದ್ದಾರೆ.

ವಾಟ್ಸಾಪಿನಲ್ಲಿ ಚಿತ್ರ ಕಳುಹಿಸಿದರೆ ಕಾಗದವೇ ಬೇಡವಲ್ಲ ಎಂದು ತರುಣರು ಕೇಳುತ್ತಾರೆ. ಬೆಂಗಳೂರು, ಮುಂಬಯಿ, ಗಲ್ಫಿನಲ್ಲಿರುವವರಿಗೆ ಅದು ಸರಿಯೇ. ಅಂಚೆಯ ಖರ್ಚು ಪೂರ್ತಿ ಉಳಿಯುತ್ತದೆ, ಜೊತೆಗೆ ಒಂದು ಫೋನ್ ಮಾಡಿ ಬಾಯಿಮಾತಿನಲ್ಲಿ ಹೇಳಿದರೆ ಹೇಳಿಕೆಯೂ ಆಯಿತು. ಆದರೆ ಊರಿನ ಅಜ್ಜಂದಿರಿಗೆ, ಕೂಲಿಯಿಂದ ಸಂಜೆ ಮನೆಗೆ ಬರುವ ನೆರೆಯವರಿಗೆ, ಗೋಡೆಗೆ ಸಿಕ್ಕಿಸಿಡಲು ಒಂದು ಕಾಗದ ಬೇಕೇ ಬೇಕು. ಪುಸ್ತಕದಲ್ಲಿ ಫೋನಿನವರಿಗೆ ಬೇರೊಂದು ಗುರುತು ಹಾಕಿದರೆ ಅಚ್ಚಿನ ಸಂಖ್ಯೆ ಇನ್ನೂ ಇಳಿಯುತ್ತದೆ.

ಮಾರ್ಚಿನಿಂದ ಮೇ ತನಕ ಮುದ್ರಣಾಲಯಗಳಲ್ಲಿ ನೂಕುನುಗ್ಗಲು. ಅವಸರದ ಕೆಲಸಕ್ಕೆ ದರವೂ ಹೆಚ್ಚು, ತಪ್ಪೂ ಹೆಚ್ಚು. ಮುಹೂರ್ತಕ್ಕೆ ಎರಡು ತಿಂಗಳಿರುವಾಗಲೇ ಬರಹ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ಶಾಲೆಯ ಮಕ್ಕಳ ಮನೆಯವರು ಕರಡಚ್ಚನ್ನು ಶಾಲೆಗೆ ಕಳುಹಿಸಿಕೊಟ್ಟರೆ ಮಧ್ಯಾಹ್ನದ ಬಿಡುವಿನಲ್ಲಿ ಕನ್ನಡ ಅಧ್ಯಾಪಕರು ತಿದ್ದಿಕೊಡುತ್ತೇವೆ. ಮೂಲ ಬರಹವನ್ನೂ ಜೊತೆಗಿಟ್ಟು, ಮುದ್ರಣಾಲಯಕ್ಕೆ ಕೊಡುವ ಎರಡು ದಿನ ಮೊದಲು ತಂದರೆ ಅನುಕೂಲ.